ಬೇಸಿಗೆಯಲ್ಲಿ ಆಳದ ಮೀನಿಗೆ ಗಾಳ

ಪ್ರಶ್ನೆ: ಜೂನ್‌ನಲ್ಲಿ ಮಗಳ ಮನೆಗೆಂದು ಅಮೆರಿಕದ ಅಟ್ಲಾಂಟಾಕ್ಕೆ ಹೊರಟಿದ್ದೇನೆ. ಅಳಿಯಂದಿರ ಬಳಿ ಮೋಟಾರು ದೋಣಿಯಿದೆ. ಹತ್ತಿರದ ಲೇನಿಯರ್ ಸರೋವರದಲ್ಲಿ ಸ್ಟ್ರೈಪ್ಡ್ ಬಾಸ್ ಮೀನಿಗೆ, ದೋಣಿ ಓಡಿಸುತ್ತಲೇ ಗಾಳ ಎಳೆಯುವ ಟ್ರೋಲಿಂಗ್ ಕಲಿಯೋಣ ಎಂದಿದ್ದಾರೆ. ಕುಣಿಗಲ್ ಕೆರೆ ಏರಿಯ ಮೇಲೆ ಕುಳಿತು ಎರೆಹುಳು ಸಿಕ್ಕಿಸಿ ಗಾಳ ಹಾಕಿದ್ದಷ್ಟೇ ನನ್ನ ಅನುಭವ. ಮೊದಲು ಏನನ್ನು ಕಲಿಯಬೇಕು?
– ಓದುಗರೊಬ್ಬರು, ಕುಣಿಗಲ್

ಉತ್ತರ: ಮೊದಲು ಆಳವನ್ನು ಅಂದಾಜು ಮಾಡುವುದನ್ನು ಕಲಿಯಿರಿ, ಬೇಸಿಗೆಯಲ್ಲಿ ಉಳಿದೆಲ್ಲವೂ ಅದರ ನಂತರ. ಸ್ಟ್ರೈಪ್ಡ್ ಬಾಸ್ ಮೂಲತಃ ಸಮುದ್ರದಲ್ಲಿದ್ದು ಮೊಟ್ಟೆಯಿಡಲು ನದಿಗೇರುವ ಮೀನು. ಲೇನಿಯರ್ ಎಂಬುದು ಚಟಾಹೂಚಿ ನದಿಗೆ ಕಟ್ಟಿದ ಬ್ಯೂಫೋರ್ಡ್ ಅಣೆಕಟ್ಟಿನ ಹಿನ್ನೀರು. ಅಲ್ಲಿ ಜಾರ್ಜಿಯಾ ರಾಜ್ಯದವರು ಮರಿಗಳನ್ನು ಬಿಟ್ಟು ಈ ಮೀನನ್ನು ಉಳಿಸಿಕೊಂಡಿದ್ದಾರೆ. ಬಿಸಿಲೇರಿದಂತೆ ಇಂತಹ ಆಳದ ಜಲಾಶಯಗಳಲ್ಲಿ ಮೇಲಿನ ನೀರು ಕಾದು, ತಳದ ತಣ್ಣೀರಿನೊಡನೆ ಬೆರೆಯದೆ ಬೇರೆಯೇ ಪದರವಾಗಿ ನಿಲ್ಲುತ್ತದೆ. ಮೇಲೆ ಸೆಖೆ, ತಳದಲ್ಲಿ ದಿನಗಳೆದಂತೆ ಆಮ್ಲಜನಕದ ಕೊರತೆ. ತಂಪು ಮತ್ತು ಆಮ್ಲಜನಕ ಎರಡನ್ನೂ ಬಯಸುವ ದೊಡ್ಡ ಮೀನುಗಳು ಆದ್ದರಿಂದ ನಡುವಿನ ನೀರಿನಲ್ಲಿ ಗುಂಪುಗೂಡುತ್ತವೆ. ಶಬ್ದತರಂಗದ ಮೂಲಕ ನೀರೊಳಗಿನ ಮೀನನ್ನು ತೋರಿಸುವ ದೋಣಿಯ ಸೋನಾರ್ ಪರದೆಯಲ್ಲಿ ಈ ಗುಂಪು ಯಾವ ಆಳದಲ್ಲಿದೆ ಎಂದು ನೋಡಿಕೊಂಡು, ಗಾಳವನ್ನು ಅದಕ್ಕಿಂತ ತುಸು ಮೇಲೆಯೇ ಸಾಗಿಸಿರಿ. ಈ ಮೀನು ಮೇಲಕ್ಕೆ ನುಗ್ಗಿ ಬೇಟೆಯಾಡುತ್ತದೆ, ಕೆಳಗಿಳಿದು ಕಚ್ಚುವುದು ಅಪರೂಪ.

ಅಷ್ಟು ಆಳಕ್ಕೆ ಗಾಳವಿಳಿಸಲು ಹೊಸಬರಿಗೆ ಸೀಸದ ಎಳೆಯಿರುವ ಲೆಡ್‌ಕೋರ್ ದಾರವೇ ಸಲೀಸು ಎಂಬುದು ನನ್ನ ಅಭಿಪ್ರಾಯ. ಅದರ ಬಣ್ಣ ಪ್ರತಿ 10 ಗಜಕ್ಕೊಮ್ಮೆ ಬದಲಾಗುವುದರಿಂದ ಎಷ್ಟು ಬಿಟ್ಟಿದ್ದೇವೆಂಬುದು ಎಣಿಕೆಗೆ ಸಿಗುತ್ತದೆ. ಒಂದು ಬಣ್ಣಕ್ಕೆ ಗಾಳ ಸುಮಾರು 5 ಅಡಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತುದಿಗೆ ಬಿಳಿಯ ಬಕ್‌ಟೇಲ್ ಜಿಗ್, ಅಂದರೆ ಜಿಂಕೆ ಬಾಲದ ಕೂದಲು ಕಟ್ಟಿದ ಭಾರದ ತಲೆಯ ಕೊಕ್ಕೆ, ಸಾಕು. ದೋಣಿಯ ವೇಗ ಗಂಟೆಗೆ 2.5ರಿಂದ 3 ಮೈಲಿಯಷ್ಟಿರಲಿ. ವೇಗ ತಗ್ಗಿದರೆ ಗಾಳ ಇಳಿಯುತ್ತದೆ, ಹೆಚ್ಚಿದರೆ ಏರುತ್ತದೆ.

ನೇರವಾಗಿ ಓಡಿಸದೆ ದೋಣಿಯನ್ನು ಹಾವಿನಂತೆ ಅಂಕುಡೊಂಕಾಗಿ ಒಯ್ಯುವಂತೆ ಅಳಿಯಂದಿರಿಗೆ ತಿಳಿಸಿರಿ. ಎರಡು ಬದಿಗೂ ಒಂದೊಂದು ಗಾಳವಿದ್ದಾಗ, ತಿರುವಿನಲ್ಲಿ ಹೊರಮಗ್ಗುಲಿನದು ಬಿರುಸಾಗಿ ಮೇಲೇರುತ್ತದೆ, ಒಳಮಗ್ಗುಲಿನದು ನಿಧಾನವಾಗಿ ಕುಸಿಯುತ್ತದೆ. ಮೀನು ಹೊರಗಿನದನ್ನೇ ಮತ್ತೆ ಮತ್ತೆ ಕಚ್ಚಿದರೆ ತುಸು ವೇಗ ಹೆಚ್ಚಿಸಿ ನೋಡಿ; ಒಳಗಿನದಾದರೆ ವೇಗ ತಗ್ಗಿಸಿ, ಇಲ್ಲವೇ ಇನ್ನೊಂದು ಬಣ್ಣ ದಾರ ಬಿಡಿ. ಕಚ್ಚಿದ ಕೂಡಲೇ ಏರಿಯ ಮೇಲೆ ಮಾಡುವಂತೆ ಕೋಲನ್ನು ಜಗ್ಗಬೇಡಿ. ದೋಣಿಯ ಓಟವೇ ಕೊಕ್ಕೆಯನ್ನು ನಾಟಿಸುತ್ತದೆ, ನೀವು ಬಿಗಿ ಸಡಿಲದಂತೆ ದಾರ ಸುತ್ತುತ್ತ ಹೋದರೆ ಸಾಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತಣ್ಣೀರಿನಿಂದ ಬಿಸಿನೀರಿಗೆ ಹೋರಾಡುತ್ತ ಬಂದ ಮೀನು ಬಹಳ ದಣಿದಿರುತ್ತದೆ; ಬೇಸಿಗೆಯಲ್ಲಿ ಹಾಗೆ ಹಿಡಿದು ಮರಳಿ ಬಿಟ್ಟವು ಈಜಿ ಹೋದಂತೆ ಕಂಡರೂ ಎಷ್ಟೋ ಸಲ ಆಮೇಲೆ ಸಾಯುತ್ತವೆ. ಆದ್ದರಿಂದ ನಿಯಮದ ಮಿತಿಯೊಳಗೆ ಮನೆಯ ಅಡುಗೆಗೆ ಸಾಲುವಷ್ಟು ಸಿಕ್ಕೊಡನೆ ಗಾಳವನ್ನು ಮೇಲೆತ್ತಿಬಿಡಿ. ಮೀನು ಹಿಡಿಯಲು ಜಾರ್ಜಿಯಾ ರಾಜ್ಯದ ಲೈಸೆನ್ಸ್ ಕಡ್ಡಾಯ. ಪ್ರವಾಸಿಯಾದ ನಿಮ್ಮ ಹೆಸರಿನಲ್ಲಿಯೇ ಅದನ್ನು ಮುಂಚಿತವಾಗಿ ಮಾಡಿಸಿಕೊಳ್ಳುವಂತೆ ಮಗಳಿಗೆ ಈಗಲೇ ಹೇಳಿಡಿ.