ಮೂರು ಹಸಿರು ದೀಪಗಳಲ್ಲಿ ಒಂದು ಹತ್ತದಿದ್ದರೆ ಸ್ವಿಚ್ ಬದಲಿಸಬೇಕೇ?

ಪೈಪರ್ ಆ್ಯರೋ ಅನ್ನೋ, ಚಕ್ರ ಒಳಗೆ ಮಡಚಿಕೊಳ್ಳುವ ಸಣ್ಣ ವಿಮಾನದಲ್ಲಿ ಚಕ್ರ ಇಳಿದರೂ ಎಡಗಡೆಯ ದೀಪ ಹತ್ತುತ್ತಿಲ್ಲ, ಚಕ್ರ ಇಳಿದು ಲಾಕ್ ಆದಾಗ ಆ ದೀಪ ಹತ್ತಿಸುವ ಸ್ವಿಚ್ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಆತುರ ಬೇಡ, ಮೊದಲು ಬಲ್ಬ್ ನೋಡಿ. ಪಕ್ಕದ್ದನ್ನು ಕಿತ್ತು ಅಲ್ಲಿ ಹಾಕಿದರೆ ಗೊತ್ತಾಗುತ್ತದೆ. ಮೂರೂ ಆರಿದಂತೆ ಕಂಡರೆ ನ್ಯಾವಿಗೇಷನ್ ಲೈಟ್ (ರೆಕ್ಕೆ ತುದಿ, ಬಾಲದಲ್ಲಿರುವ ದೀಪ) ಆಫ್ ಮಾಡಿ. ಅದು ಆನ್ ಇದ್ದರೆ ಇವು ಮಂಕಾಗುತ್ತವೆ, ಹಗಲಲ್ಲಿ ಕಾಣೋದೇ ಇಲ್ಲ.

ಬಲ್ಬ್ ಸರಿಯಿದ್ದರೆ ಆಮೇಲೆ ಸ್ವಿಚ್. ನಮ್ಮ ತುಮಕೂರಲ್ಲಿ ಮಳೆಗಾಲದಲ್ಲಿ ಬೈಕಿನ ಸೈಡ್ ಸ್ಟ್ಯಾಂಡ್ ಸ್ವಿಚ್‌ಗೆ ಕೆಸರು ಕೂತು ಗಾಡಿ ಸ್ಟಾರ್ಟ್ ಆಗಲ್ಲ, ಅಲ್ವಾ? ಇಲ್ಲೂ ಅದೇ ಕಥೆ. ಚಕ್ರದ ಹತ್ತಿರವೇ ಇರೋದರಿಂದ ಮಣ್ಣು, ನೀರು, ಹಳೇ ಗ್ರೀಸ್ ಎಲ್ಲಾ ಸೇರುತ್ತದೆ. ವಿಮಾನವನ್ನು ಜ್ಯಾಕ್ ಮೇಲೆ ಎತ್ತಿಯೇ ಪರೀಕ್ಷಿಸಬೇಕು, ಅದೂ ಲೈಸೆನ್ಸ್ ಇರುವ ಎಂಜಿನಿಯರ್ ಕೈಯಲ್ಲಿ. ಚಕ್ರ ಲಾಕ್ ಆದಾಗ ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ, ಅಂದರೆ ಸ್ವಿಚ್ ಮೂಲಕ ಕರೆಂಟ್ ಹರಿಯುವ ದಾರಿ ಸಿಗಬೇಕು. ವೈರ್ ಅಲುಗಾಡಿಸಿದಾಗ ರೀಡಿಂಗ್ ಕುಣಿದರೆ ತಪ್ಪು ಸ್ವಿಚ್ಚಿನದಲ್ಲ. ಚಕ್ರದ ಜೊತೆ ಮಡಚಿ ಮಡಚಿ ವೈರ್ ಒಳಗೇ ತುಂಡಾಗಿರುತ್ತದೆ.

ಚಕ್ರ ಇಳಿಸುವ ಹೈಡ್ರಾಲಿಕ್ ಪಂಪ್ ನಿಲ್ಲದೆ ಓಡುತ್ತಿದೆಯಾ ಅಂತಲೂ ಕೇಳಿಸಿಕೊಳ್ಳಿ. ಚಕ್ರಗಳು ಇಳಿದು ಮೂರೂ ಸ್ವಿಚ್ ಒತ್ತಿಕೊಂಡ ಮೇಲೆಯೇ ಅದು ನಿಲ್ಲೋದು. ಸುಮ್ನೆ ಸ್ವಿಚ್ಚಿನ ಲಿವರ್ ಬಗ್ಗಿಸಿ ದೀಪ ಹತ್ತಿಸಬೇಡಿ. ಲಾಕ್ ಬೀಳುವ ಮೊದಲೇ ಹಸಿರು ತೋರಿಸಿಬಿಡುತ್ತದೆ.