‘ಹ್ಯಾಪಿ ಟು’ ಎಂದವರೆಲ್ಲ ಸಂತೋಷವಾಗಿರುವುದಿಲ್ಲ

ತಂಗಿ,

ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಅಳೆಯುವ ಓಇಟಿ ಪರೀಕ್ಷೆಯಲ್ಲಿ ಕೇಳುವುದಕ್ಕೂ ಮಾತನಾಡುವುದಕ್ಕೂ ‘ಬಿ’ ದರ್ಜೆ ಬಂದಿದ್ದರೂ, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಏಕೆ ತಲೆಗೆ ಹತ್ತುತ್ತಿಲ್ಲ ಎಂದು ಕೇಳಿದ್ದೀಯೆ. ರಾತ್ರಿ ಪಾಳಿಯ ನರ್ಸ್ ‘ಅನೇಬಲ್ ಟು ಕೀಪ್ ಎನಿಥಿಂಗ್ ಡೌನ್’ (ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ), ‘ರಿಲಕ್ಟೆಂಟ್ ಟು ಗೆಟ್ ಅಪ್’ (ಏಳಲು ಮನಸ್ಸಿಲ್ಲ), ‘ಡ್ಯೂ ಟು ಕಮ್ ಆಫ್ ದ ಡ್ರಿಪ್’ (ಡ್ರಿಪ್ ತೆಗೆಯಬೇಕಿದೆ) ಎಂದು ಹಾಸಿಗೆಯಿಂದ ಹಾಸಿಗೆಗೆ ಓಡುತ್ತಿದ್ದರೆ ನೀನು ‘ಡೌನ್’ ಎಂಬಲ್ಲೇ ನಿಂತುಬಿಟ್ಟೆಯಂತೆ. ಅದೇ ಉಸಿರಿನಲ್ಲಿ ಚಳಿ, ಅಕ್ಕಿ, ಬಾಡಿಗೆ ಮನೆ ಎಲ್ಲವನ್ನೂ ವಿಚಾರಿಸಿದ್ದೀಯೆ.

ಅಕ್ಕಿಯ ಚಿಂತೆ ಬಿಡು, ಭಾರತೀಯರ ಅಂಗಡಿಯಲ್ಲಿ ಸೋನಾ ಮಸೂರಿ ಸಿಗುತ್ತದೆ. ಊರಿನಿಂದ ತಂದ ಸ್ವೆಟರ್ ಒಳಗಿರಲಿ, ಮಳೆಗಾಳಿ ತಡೆಯುವ ಕೋಟನ್ನು ಇಲ್ಲಿಯೇ ಕೊಂಡುಕೊ. ಇನ್ನು ಮಾತಿನ ವಿಚಾರ.

ನಾವು ನರ್ಸಿಂಗ್ ಕಾಲೇಜಿನಲ್ಲಿ ಕಲಿತದ್ದು ದಪ್ಪ ಪದಗಳ ಇಂಗ್ಲಿಷ್. ಟಾಲರೇಟ್ (ತಾಳಿಕೊಳ್ಳು), ಡಿಸ್‌ಕಂಟಿನ್ಯೂ (ನಿಲ್ಲಿಸು), ಆಂಬ್ಯುಲೇಟ್ (ಎದ್ದು ಓಡಾಡು). ಈ ಯಾರ್ಕ್‌ಷೈರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರ ಬಾಯಲ್ಲಿ ಅವು ‘ಪುಟ್ ಅಪ್ ವಿತ್’, ‘ಕಮ್ ಆಫ್’, ‘ಗೆಟ್ ಅಪ್ ಅಂಡ್ ಅಬೌಟ್’ ಆಗುತ್ತವೆ. ಕನ್ನಡದವಳಾದ ನೀನು ಇದಕ್ಕೆ ಹೆದರಬೇಕಾಗಿಲ್ಲ. ‘ಹೇಳು’ ಎನ್ನುವುದನ್ನೇ ನಾವು ಹೇಳಿಕೊಡು, ಹೇಳಿಕೊಳ್ಳು, ಹೇಳಿಬಿಡು ಎಂದು ತಿರುಗಿಸುತ್ತೇವೆ. ಪಾಠ ಹೇಳಿಕೊಟ್ಟವರು ಕೈಗೆ ಏನನ್ನೂ ಕೊಡಲಿಲ್ಲ. ಕಷ್ಟ ಹೇಳಿಕೊಂಡವಳು ಏನನ್ನೂ ಕೊಳ್ಳಲಿಲ್ಲ. ಇದನ್ನು ಯಾವ ಮೇಷ್ಟರು ನಮಗೆ ಪಟ್ಟಿ ಮಾಡಿ ಕಲಿಸಿದರು? ಅವರ ಅಪ್, ಡೌನ್, ಆಫ್ ಕೂಡ ಹಾಗೆಯೇ. ಬಿಡಿಸಿ ಅರ್ಥ ಹುಡುಕಬೇಡ, ಇಡಿಯಾಗಿ ಕಿವಿಗೆ ಹಾಕಿಕೊ.

ನಿಜವಾಗಿ ಕಿವಿ ನಿಮಿರಬೇಕಾದದ್ದು ‘ಟು’ಗಿಂತ ಮೊದಲು ಬರುವ ಪದಕ್ಕೆ. ‘ಸ್ಲೋ ಟು ವೇಕ್ ಅಪ್’ ಎಂದರೆ ರೋಗಿ ತಾನಾಗಿ ನಿಧಾನಕ್ಕೆ ಏಳುತ್ತಿದ್ದಾಳೆ. ‘ಹಾರ್ಡ್ ಟು ವೇಕ್ ಅಪ್’ ಎಂದರೆ ನಾವು ಎಬ್ಬಿಸಿದರೂ ಏಳುತ್ತಿಲ್ಲ. ಎರಡನೆಯದು ಕಿವಿಗೆ ಬಿದ್ದರೆ ಪೆನ್ನು ಕೆಳಗಿಟ್ಟು ಓಡಬೇಕು. ವಾಕ್ಯದ ಮೈಕಟ್ಟು ಒಂದೇ, ಕೆಲಸ ಮಾಡುವವರು ಮಾತ್ರ ಬೇರೆ. ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1960ರ ದಶಕದಲ್ಲಿ ‘ಈಸಿ ಟು ಪ್ಲೀಸ್’ (ಅವರನ್ನು ಮೆಚ್ಚಿಸುವುದು ಸುಲಭ), ‘ಈಗರ್ ಟು ಪ್ಲೀಸ್’ (ಮೆಚ್ಚಿಸಲು ಅವರಿಗೇ ತವಕ) ಎಂಬ ಜೋಡಿಯನ್ನು ಇಟ್ಟುಕೊಂಡು ಇದನ್ನೇ ಚರ್ಚಿಸಿದ್ದರಂತೆ. ಭಾಷಾವಿಜ್ಞಾನ ಓದುತ್ತಿರುವ ನನ್ನ ಮಗಳು ಹೇಳಿದ್ದು.

ಎಲ್ಲಕ್ಕಿಂತ ಮೋಸದ ಪದ ‘ಹ್ಯಾಪಿ’. ಗಂಟೆ ಒತ್ತಿದ ಅಜ್ಜಿಯ ಬಳಿ ನೀನು ಓಡಿಹೋಗಿ, ಇನ್ನೊಬ್ಬರನ್ನು ನೋಡಿ ಬರುತ್ತೇನೆ ಎನ್ನುತ್ತೀಯೆ. ಅವರು ‘ಹ್ಯಾಪಿ ಟು ಹ್ಯಾಂಗ್ ಆನ್, ಲವ್’, ಅಂದರೆ ಖುಷಿಯಿಂದ ಕಾಯುತ್ತೇನಮ್ಮ, ಎನ್ನುತ್ತಾರೆ. ನಮ್ಮ ಮನೆಗೆ ಬಂದ ನೆಂಟರು ಹಸಿದುಕೊಂಡೇ ‘ಊಟ ಈಗ ತಾನೇ ಆಯಿತು’ ಎನ್ನುವುದಿಲ್ಲವೇ, ಹಾಗೆ. ಮಾತನ್ನು ಬಿಟ್ಟು ಕೈ ನೋಡು. ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರೆ ಕಮೋಡ್ ಈಗಲೇ ಬೇಕು ಎಂದರ್ಥ. ಅದೇ ಪದ ದೊಡ್ಡ ಡಾಕ್ಟರ ಬಾಯಿಂದ ಬಂದರೆ ಅದು ಅಪ್ಪಣೆ.

ನಾನು ಬಂದ ಹೊಸತರಲ್ಲಿ ಹೀಗಾಯಿತು. ರೌಂಡ್ಸ್‌ನಲ್ಲಿ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ಡಾಕ್ಟರು, ಮುದುಕಿಯೊಬ್ಬರ ಚಾರ್ಟ್ ನೋಡಿ, ‘ಹ್ಯಾಪಿ ಟು ಲೆಟ್ ಹರ್ ಗೋ’ (ಮನೆಗೆ ಕಳಿಸಬಹುದು) ಎಂದರು. ಆಕೆಯ ಲಾಕರಿನ ಮೇಲೆ ವಾಂತಿಗೆ ಕೊಡುವ ಬೂದುಬಣ್ಣದ ರಟ್ಟಿನ ಬಟ್ಟಲಿತ್ತು, ಅದರ ಮೇಲೆ ಕಾಗದದ ನ್ಯಾಪ್‌ಕಿನ್ ಮುಚ್ಚಿತ್ತು. ಅವರ ಮಗಳು ಕರೆದೊಯ್ಯಲು ಬರುವವಳಿದ್ದಳು, ಅದಕ್ಕಾಗಿ ಅವರೇ ಬಚ್ಚಿಟ್ಟಿದ್ದರು. ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಡಾಕ್ಟರ ಇಂಗ್ಲಿಷ್ ಅಕ್ಷರ ಬಿಡದೆ ಅರ್ಥವಾಗಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಡಾಕ್ಟರು ಒಳಗೆ ಬಂದರೆ ಎದ್ದು ನಿಲ್ಲುವುದು, ಕೇಳಿದರೆ ಮಾತ್ರ ಉತ್ತರಿಸುವುದು: ನಮ್ಮನ್ನು ಹೇಗೆ ತಯಾರು ಮಾಡಿದ್ದರು ಎಂದು ನಿನಗೆ ಬಿಡಿಸಿ ಹೇಳಬೇಕೇ? ವಾರ ತುಂಬುವ ಮೊದಲೇ ಆಂಬ್ಯುಲೆನ್ಸ್ ಅವರನ್ನು ಮರಳಿ ತಂದಿತು, ಬೇರೆ ವಾರ್ಡಿಗೆ. ಚೇತರಿಸಿಕೊಂಡರು ಎಂದು ಕೇಳಿದೆ. ಹೋಗಿ ನೋಡುವ ಮುಖ ನನಗಿರಲಿಲ್ಲ, ಅದೊಂದು ಇನ್ನೂ ಕೊರೆಯುತ್ತದೆ.

ಸಿಸ್ಟರ್ ಇನ್‌ಚಾರ್ಜ್ ನನ್ನನ್ನು ಪಕ್ಕಕ್ಕೆ ಕರೆದು, ‘ಆರ್ ಯೂ ಅಫ್ರೇಡ್ ಟು ಸ್ಪೀಕ್ ಅಪ್?’ (ಬಾಯಿ ಬಿಟ್ಟು ಹೇಳಲು ಭಯವೇ?) ಎಂದು ಕೇಳಿದರು. ಬೈದಿದ್ದರೆ ಬೇಕಾಗಿತ್ತು. ಅವರು ನಿಜಕ್ಕೂ ತಿಳಿಯಲೆಂದೇ ಕೇಳಿದ್ದರು.

ಈಗ ಇದಕ್ಕೊಂದು ವ್ಯವಸ್ಥೆಯೇ ಇದೆ. ಸಿಬ್ಬಂದಿ ಧೈರ್ಯವಾಗಿ ದನಿ ಎತ್ತುವ ಕುರಿತು 2015ರಲ್ಲಿ ಬ್ಯಾರಿಸ್ಟರ್ ಸರ್ ರಾಬರ್ಟ್ ಫ್ರಾನ್ಸಿಸ್ ಕೊಟ್ಟ ವರದಿಯ ಬಳಿಕ, ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟ್‌ಗಳಲ್ಲಿ ‘ಫ್ರೀಡಮ್ ಟು ಸ್ಪೀಕ್ ಅಪ್ ಗಾರ್ಡಿಯನ್’ ಎಂಬವರಿದ್ದಾರೆ, ಸಿಬ್ಬಂದಿ ತಮ್ಮ ಆತಂಕವನ್ನು ಅವರಲ್ಲಿ ಹೇಳಿಕೊಳ್ಳಬಹುದು. ನಿನ್ನ ಟ್ರಸ್ಟ್‌ನಲ್ಲಿ ಅವರು ಯಾರು ಎಂದು ಈ ವಾರವೇ ತಿಳಿದುಕೊ. ಆದರೆ ಹಾಸಿಗೆಯ ಪಕ್ಕದಲ್ಲಿ, ಆ ಅರೆಕ್ಷಣದಲ್ಲಿ, ಬಾಯಿ ಬಿಡಬೇಕಾದವಳು ನೀನೇ. ಅದಕ್ಕೆ ರೋಗಿಯ ವಿಷಯ ತಿಳಿಸುವ ಎಸ್‌ಬಿಎಆರ್ ಎಂಬ ಕ್ರಮ ಕಲಿಸುತ್ತಾರಲ್ಲ: ಈಗಿನ ಸ್ಥಿತಿ, ಹಿನ್ನೆಲೆ, ನಿನ್ನ ಅಂದಾಜು, ಆಮೇಲೆ ಏನಾಗಬೇಕೆಂಬ ನಿನ್ನ ಸಲಹೆ. ಮೊದಲ ಮೂರನ್ನು ನಮ್ಮವರು ಚೆನ್ನಾಗಿಯೇ ಒಪ್ಪಿಸುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ದನಿ ಇಳಿದು ‘ನೀವು ಹೇಳಿದಂತೆ ಡಾಕ್ಟರೇ’ ಆಗಿಬಿಡುತ್ತದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡು. ‘ಐಯಾಮ್ ನಾಟ್ ಹ್ಯಾಪಿ ಟು ಸೆಂಡ್ ಹರ್ ಹೋಮ್’ ಎಂದು ನೇರವಾಗಿ ಹೇಳಬಹುದು, ಅದನ್ನು ಇಲ್ಲಿ ಯಾರೂ ಉದ್ಧಟತನ ಎಂದುಕೊಳ್ಳುವುದಿಲ್ಲ. ಕಾರಣ ಮಾತ್ರ ಕೈಯಲ್ಲಿರಲಿ.

ಬಾಡಿಗೆ ಮನೆ ಮರೆತಿಲ್ಲ. ನೀರನ್ನೂ ಮನೆಯನ್ನೂ ಬಿಸಿಮಾಡುವ ಬಾಯ್ಲರ್ ಕೆಟ್ಟಿದೆ ಎಂದರೆ ಏಜೆಂಟ್ ‘ಹ್ಯಾಪಿ ಟು ಸಾರ್ಟ್ ಇಟ್ ಔಟ್’ (ಸರಿಮಾಡಿಸೋಣ ಬಿಡಿ) ಎಂದು ನಗುತ್ತಾನೆ. ಆ ನಗುವನ್ನು ನಂಬಿ ಸಹಿ ಹಾಕಬೇಡ, ಯಾವ ತಾರೀಖಿಗೆ ಎಂದು ಇಮೇಲಿನಲ್ಲಿ ಬರೆಸಿಕೊ. ಮುಂಗಡ ಠೇವಣಿಯನ್ನು 30 ದಿನಗಳೊಳಗೆ ಸರಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯಲ್ಲಿ ಇಡುವುದು ಇಂಗ್ಲೆಂಡಿನ ಕಾನೂನು, ಅದರ ವಿವರಗಳ ಪತ್ರವನ್ನು ಕೇಳಿ ಪಡೆದುಕೊ. ಕರಾರು ಪತ್ರ ಕೈಗೆ ಬಂದಾಗ ನನಗೊಂದು ಪ್ರತಿ ಕಳಿಸು, ರಾತ್ರಿ ಪಾಳಿ ಇಲ್ಲದ ದಿನ ಓದಿ ಹೇಳುತ್ತೇನೆ.