ಮಾತುಕತೆಯ ಬಾಗಿಲಲ್ಲಿ ಕುಳಿತ ಲೈಬೀರಿಯಾದ ತಾಯಂದಿರು

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1325ನೇ ನಿರ್ಣಯದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿನಿಯರು, ಇದು ಕಾಗದದ ಮಾತಷ್ಟೆಯೇ, ಹೆಂಗಸರು ಸೇರಿ ಯುದ್ಧ ನಿಲ್ಲಿಸಿದ ನಿಜವಾದ ನಿದರ್ಶನ ಇದೆಯೇ ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ?
- ಓದುಗರು, ಶಿರಸಿ

ಉತ್ತರ: ಮೊದಲು ನಿರ್ಣಯದ ಬಗ್ಗೆ ಎರಡು ಮಾತು. 2000ನೇ ಇಸವಿಯ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಯುದ್ಧದಲ್ಲಿ ಮಹಿಳೆಯರಿಗೆ ರಕ್ಷಣೆ ಬೇಕು ಎನ್ನುವಲ್ಲಿಗೇ ನಿಲ್ಲದೆ, ಸಂಧಾನದಲ್ಲಿಯೂ ದೇಶವನ್ನು ಮತ್ತೆ ಕಟ್ಟುವ ಕೆಲಸದಲ್ಲಿಯೂ ಅವರು ಪಾಲುದಾರರಾಗಬೇಕು ಎಂದು ಅದು ಹೇಳಿತು. ಈ ಎರಡನೆಯ ಮಾತಿನ ಅರ್ಥ ನಿಮ್ಮ ವಿದ್ಯಾರ್ಥಿನಿಯರಿಗೆ ಮನವರಿಕೆಯಾಗಬೇಕಾದರೆ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಕಥೆಯನ್ನು ಹೇಳಿ.

ಆ ದೇಶದಲ್ಲಿ 1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳು ನಡೆದು ಸುಮಾರು ಎರಡೂವರೆ ಲಕ್ಷ ಜನ ಸತ್ತರೆಂಬುದು ಸಾಮಾನ್ಯ ಅಂದಾಜು. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೂ ಬಂದೂಕು ಬಂದಿತ್ತು. 2003ರ ಏಪ್ರಿಲ್‌ನಲ್ಲಿ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಹತ್ತಿರದ ಬಯಲಿನಲ್ಲಿ ಬಿಳಿ ಅಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿದ ಹೆಂಗಸರು ಬಂದು ಕುಳಿತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಅವರ ವಾಹನಗಳ ಸಾಲು ಓಡಾಡುವ ರಸ್ತೆಯ ಪಕ್ಕದ ಜಾಗವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ಬಿಸಿಲಿರಲಿ, ಮಳೆಯಿರಲಿ, ಕ್ರೈಸ್ತ ಮಹಿಳೆಯರೂ ಮುಸ್ಲಿಂ ಮಹಿಳೆಯರೂ ಒಟ್ಟಿಗೆ ಅಲ್ಲಿ ಕೂರುತ್ತಿದ್ದರು. ಮುಂದಾಳಾಗಿದ್ದ ಲೇಮಾ ಬೋವೀ ಅವರು ಬಾಲಸೈನಿಕರ ಮನಸ್ಸಿನ ಗಾಯಗಳಿಗೆ ಆರೈಕೆ ಮಾಡುವ ಸಮಾಜ ಕಾರ್ಯಕರ್ತೆಯಾಗಿದ್ದವರು. ಈ ಹೆಂಗಸರು ಗಂಡಂದಿರೊಂದಿಗೆ ದಾಂಪತ್ಯ ಮುಷ್ಕರ ಹೂಡಿದ್ದರೆಂಬುದನ್ನೇ ಪತ್ರಿಕೆಗಳು ಹೆಚ್ಚು ಬರೆದವು. ಆದರೆ ಯುದ್ಧದ ದಿಕ್ಕು ಬದಲಿಸಿದ್ದು ಅದಲ್ಲ, ದಿನವೂ ಬಂದು ಕೂರುವ ಆ ಹಟ. ಏಪ್ರಿಲ್ 23ರಂದು ಟೇಲರ್ ಈ ಹೆಂಗಸರನ್ನು ಭೇಟಿಯಾಗಲೇಬೇಕಾಯಿತು, ಮಾತುಕತೆಗೆ ಒಪ್ಪಲೇಬೇಕಾಯಿತು.

ಜೂನ್ ತಿಂಗಳಲ್ಲಿ ಘಾನಾ ದೇಶದಲ್ಲಿ ಮಾತುಕತೆ ಶುರುವಾಯಿತು. ಹೆಂಗಸರು ಅಲ್ಲಿಗೂ ಹೋದರು, ಅಲ್ಲಿನ ನಿರಾಶ್ರಿತರ ಶಿಬಿರದಲ್ಲಿದ್ದ ತಮ್ಮ ದೇಶದ ಹೆಂಗಸರನ್ನೂ ಜೊತೆಗೆ ಕರೆದುಕೊಂಡರು. ವಾರಗಳು ಉರುಳಿದರೂ ಒಳಗೆ ಕುಳಿತ ಬಣಗಳ ನಾಯಕರು ಯಾವ ಖಾತೆ ಯಾರಿಗೆ ಎಂಬ ಲೆಕ್ಕಾಚಾರದಲ್ಲೇ ಇದ್ದರು. ಅತ್ತ ಮನ್ರೋವಿಯಾದಲ್ಲಿ ಶೆಲ್‌ಗಳು ಬೀಳುತ್ತಿದ್ದವು. ಜುಲೈ 21ರಂದು ಈ ಹೆಂಗಸರು ಘಾನಾದ ರಾಜಧಾನಿ ಅಕ್ರಾದಲ್ಲಿ ಸಭಾಂಗಣದ ಬಾಗಿಲಿಗೆ ಅಡ್ಡವಾಗಿ, ತೋಳಿಗೆ ತೋಳು ಹೆಣೆದು ನೆಲದ ಮೇಲೆ ಕುಳಿತುಬಿಟ್ಟರು. ಒಪ್ಪಂದಕ್ಕೆ ಬರುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಕಾವಲುಗಾರರು ಬಂಧಿಸಲು ಬಂದಾಗ ಬೋವೀ ಅವರು ಎದ್ದು ನಿಂತು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದರು. ಮೈಮೇಲಿನದನ್ನೂ ತೆಗೆಯುತ್ತೇನೆ ಎಂದರು. ಹೆತ್ತವಳು ಮಕ್ಕಳ ವಯಸ್ಸಿನವರ ಮುಂದೆ ತಾನಾಗಿ ಬೆತ್ತಲಾಗುವುದೆಂದರೆ ಆ ನಾಡಿನಲ್ಲಿ ಘೋರ ಶಾಪ. ಕಾವಲುಗಾರರು ಹಿಂದೆ ಸರಿದರು. ಸಂಧಾನ ನಡೆಸುತ್ತಿದ್ದ ನೈಜೀರಿಯಾದ ಮಾಜಿ ಮುಖ್ಯಸ್ಥ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಅವರು ಹೆಂಗಸರ ಮಾತನ್ನು ಕೇಳಿಸಿಕೊಂಡರು. ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟು ನೈಜೀರಿಯಾಕ್ಕೆ ಹೋದರು. 18ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು.

ಇದು ಹೆಂಗಸರಿಂದಷ್ಟೇ ಆದದ್ದಲ್ಲ. ಟೇಲರ್ ಮೇಲೆ ನೆರೆಯ ಸಿಯೆರಾ ಲಿಯೋನ್ ದೇಶದಲ್ಲಿ ಯುದ್ಧಾಪರಾಧಗಳ ವಿಚಾರಣೆಗಿದ್ದ ವಿಶೇಷ ನ್ಯಾಯಾಲಯದ ದೋಷಾರೋಪವಿತ್ತು, ಬಂಡುಕೋರರು ನಗರದ ಹೊಸ್ತಿಲಿಗೆ ಬಂದಿದ್ದರು, ನೆರೆ ದೇಶಗಳ ಒತ್ತಡವೂ ಇತ್ತು. ಇಷ್ಟೆಲ್ಲ ಇದ್ದರೂ ನಿಧಾನವಾಗಿ ತೆವಳುತ್ತಿದ್ದ ಮಾತುಕತೆಗೆ ಅವಸರವನ್ನು ತಂದವರು ಬಾಗಿಲಲ್ಲಿ ಕುಳಿತವರು. ಒಳಗೆ ಅವರಿಗೆ ಕುರ್ಚಿ ಇರಲಿಲ್ಲ ಎಂಬುದನ್ನು ನಿಮ್ಮ ತರಗತಿಯಲ್ಲಿ ಒತ್ತಿ ಹೇಳಿ. 1325ನೇ ನಿರ್ಣಯ ಬಂದು ಆಗಲೇ ಮೂರು ವರ್ಷವಾಗುತ್ತ ಬಂದಿತ್ತು.

ಪ್ರಶ್ನೆ: ಯುದ್ಧ ನಿಂತ ಮೇಲೆ ನಿರಸ್ತ್ರೀಕರಣ, ಪುನರ್ವಸತಿ ಇವೆಲ್ಲ ಸೈನ್ಯ ಮತ್ತು ಅಧಿಕಾರಿಗಳ ಕೆಲಸವಲ್ಲವೇ? ಅಲ್ಲಿ ಮಹಿಳೆಯರು ಮಾಡುವುದೇನಿದೆ?
- ನಿವೃತ್ತ ಯೋಧರು, ಮಡಿಕೇರಿ

ಉತ್ತರ: ಇದಕ್ಕೂ ಲೈಬೀರಿಯಾದಲ್ಲೇ ಉತ್ತರವಿದೆ. 2003ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಪಡೆ ಮನ್ರೋವಿಯಾದ ಹೊರವಲಯದ ಶಿಬಿರವೊಂದರಲ್ಲಿ ಬಂದೂಕು ಒಪ್ಪಿಸಿಕೊಳ್ಳಲು ಆರಂಭಿಸಿತು. ಸಿದ್ಧತೆಗಿಂತ ಎಷ್ಟೋ ಹೆಚ್ಚು ಹೋರಾಟಗಾರರು ಬಂದರು, ಹಣ ಸಿಗಲಿಲ್ಲವೆಂದು ಗಲಭೆ ಎಬ್ಬಿಸಿದರು, ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರು ವರ್ಷ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗುವ ಹೊತ್ತಿಗೆ, ಮಕ್ಕಳಿಗೆ ತಿಳಿಹೇಳಿ ಬಂದೂಕು ಕೆಳಗಿಡಿಸುವ ಕೆಲಸಕ್ಕೆ ಅದೇ ಬಿಳಿ ಬಟ್ಟೆಯ ಹೆಂಗಸರು ಊರೂರಿಗೆ ಹೋದರು.

ಇನ್ನೊಂದು ತೊಡಕನ್ನು ಯೋಧರಾದ ನೀವು ಬೇಗ ಗುರುತಿಸುತ್ತೀರಿ. ಬಂದೂಕು ಒಪ್ಪಿಸಿದವರಿಗೆ ಸವಲತ್ತು ಎಂದು ನಿಯಮ ಮಾಡಿದರೆ, ಅಪಹರಣಕ್ಕೆ ಒಳಗಾಗಿ ದಳದಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ, ಮದ್ದುಗುಂಡು ಹೊತ್ತ, ಕಮಾಂಡರನ ಹೆಂಡತಿಯೆಂದು ಬಲವಂತದಿಂದ ಬದುಕಿದ ಹುಡುಗಿಯ ಕೈಯಲ್ಲಿ ಒಪ್ಪಿಸಲು ಬಂದೂಕೇ ಇರುವುದಿಲ್ಲ. ಆಕೆ ಪಟ್ಟಿಯಿಂದ ಹೊರಗುಳಿಯುತ್ತಾಳೆ. ಹೋರಾಟದ ಪಡೆಗಳೊಂದಿಗಿದ್ದ ಮಹಿಳೆಯರು ಎಂಬ ಪ್ರತ್ಯೇಕ ವರ್ಗವನ್ನು ಮಾಡಿ, ಆಯುಧವಿಲ್ಲದೆಯೂ ಸೇರಿಸಿಕೊಂಡ ಮೇಲೆಯೇ ಲೆಕ್ಕ ಸರಿಹೋಗತೊಡಗಿತು. ಕೊನೆಗೆ ನೋಂದಾಯಿಸಿಕೊಂಡ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಮಹಿಳೆಯರು 20 ಸಾವಿರಕ್ಕೂ ಮೀರಿದ್ದರು. ಇಷ್ಟು ದೊಡ್ಡ ಸಂಖ್ಯೆ ಕಣ್ತಪ್ಪಿ ಹೋಗುವುದು ಕ್ರೌರ್ಯದಿಂದಲ್ಲ. ಯೋಜನೆ ಬರೆಯುವ ಮೇಜಿನಲ್ಲಿ ಆ ಬದುಕನ್ನು ಬಲ್ಲವರು ಇಲ್ಲದ್ದರಿಂದ.

ನಮ್ಮ ದೇಶದ ಪಾಲೂ ಇದರಲ್ಲಿದೆ. 2007ರ ಜನವರಿಯಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರ ಒಂದು ದಳ ಲೈಬೀರಿಯಾಕ್ಕೆ ಹೋಯಿತು. ಸಂಪೂರ್ಣ ಮಹಿಳೆಯರಿಂದಲೇ ಕೂಡಿದ ಇಂಥ ಪೊಲೀಸ್ ದಳ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. ರಾತ್ರಿ ಗಸ್ತು ತಿರುಗಿ, ಅಧ್ಯಕ್ಷರ ಕಚೇರಿಯನ್ನು ಕಾಯ್ದು, ಸ್ಥಳೀಯ ಹುಡುಗಿಯರಿಗೆ ಆತ್ಮರಕ್ಷಣೆಯನ್ನು ಕಲಿಸಿ, ತಂಡಗಳು ಬದಲಾಗುತ್ತ 2016ರ ಫೆಬ್ರವರಿಯವರೆಗೆ ಅದು ಅಲ್ಲಿತ್ತು. ವಿಶ್ವಸಂಸ್ಥೆ ಹೇಳುವಂತೆ ಅಲ್ಲಿನ ಭದ್ರತಾ ವಲಯದಲ್ಲಿ ಮಹಿಳೆಯರ ಪಾಲು ಆ ಅವಧಿಯಲ್ಲಿ ಶೇ 6ರಿಂದ ಶೇ 17ಕ್ಕೆ ಏರಿತು. ಸಮವಸ್ತ್ರದಲ್ಲಿ ಹೆಂಗಸನ್ನು ಕಂಡಾಗ ದೂರು ಕೊಡಲು ಬರುವವಳ ನಾಲಿಗೆ ಸಡಿಲವಾಗುತ್ತದೆ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಮಹಿಳೆಯೇ ಅಧ್ಯಕ್ಷರಾದ ಮೇಲೆ ಲೈಬೀರಿಯಾದ ಹೆಂಗಸರ ಕಷ್ಟ ತೀರಿತೇ?
- ಓದುಗರು, ರಾಯಚೂರು

ಉತ್ತರ: ಪೂರ್ತಿಯಾಗಿ ತೀರಲಿಲ್ಲ. ಎಲೆನ್ ಜಾನ್ಸನ್ ಸರ್ಲೀಫ್ ಅವರು 2005ರ ಚುನಾವಣೆಯಲ್ಲಿ ಗೆದ್ದು, ಆಫ್ರಿಕಾದಲ್ಲಿ ಜನರಿಂದ ಆಯ್ಕೆಯಾದ ಮೊದಲ ಮಹಿಳಾ ಅಧ್ಯಕ್ಷರಾದರು. 2011ರಲ್ಲಿ ಬೋವೀ ಮತ್ತು ಯೆಮೆನ್‌ನ ತವಕ್ಕುಲ್ ಕರ್ಮಾನ್ ಅವರೊಂದಿಗೆ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡರು. ಹಿಂದೆ ಗಂಡಸರೇ ಪಂಚಾಯಿತಿ ಮಾಡುತ್ತಿದ್ದ ಗುಡಿಸಲುಗಳ ಮಾದರಿಯಲ್ಲೇ ಹೆಂಗಸರು ಶಾಂತಿ ಗುಡಿಸಲುಗಳನ್ನು ಕಟ್ಟಿಕೊಂಡು ಮನೆಯೊಳಗಿನ ಹೊಡೆತ ಬಡಿತಗಳಿಂದ ಹಿಡಿದು ಜಮೀನಿನ ತಕರಾರಿನವರೆಗೆ ನ್ಯಾಯ ಹೇಳತೊಡಗಿದರು. ಆದರೆ ಸಂಸತ್ತಿನಲ್ಲಿ ಮಹಿಳೆಯರ ಪಾಲು ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ಉಳಿಯಿತು. ಟೇಲರ್ ಅವರಿಗೆ 2012ರಲ್ಲಿ 50 ವರ್ಷಗಳ ಸಜೆಯಾದದ್ದು ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದೊಳಗೆ ಅತ್ಯಾಚಾರಕ್ಕೆ ಒಳಗಾದವರ ದೂರುಗಳನ್ನು ಆಲಿಸಲು ಅಲ್ಲಿ ಯುದ್ಧಾಪರಾಧಗಳ ನ್ಯಾಯಾಲಯವೇ ಇರಲಿಲ್ಲ. ಅದರ ಸ್ಥಾಪನೆಗೆ ಸಿದ್ಧತೆ ಮಾಡುವ ಕಚೇರಿಯೊಂದನ್ನು ತೆರೆಯುವ ಆದೇಶಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 2024ರ ಮೇ ತಿಂಗಳಲ್ಲಿ, ಯುದ್ಧ ಮುಗಿದ ಇಪ್ಪತ್ತು ವರ್ಷಗಳ ನಂತರ.